ಟವೆಲ್ ಕೆಳಗಿನ ಒಪ್ಪಂದ

ಆಟ ಬಾರದವರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮವರು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಅಂಥವರನ್ನು ತಂಡದ ಮ್ಯಾನೇಜರ್ ಮಾಡುವುದು. ನಾನು ಮುಳಬಾಗಿಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಶಾಲೆಯಲ್ಲಿದ್ದಾಗ ಕಬಡ್ಡಿಗೆ ನಿಂತರೆ ಎದುರು ತಂಡದವರು ನನ್ನನ್ನು ಮುಟ್ಟಿ ಔಟ್ ಮಾಡುವುದಕ್ಕೂ ಮರೆಯುತ್ತಿದ್ದರು. ಓಟಕ್ಕೆ ನಿಲ್ಲಿಸಿದರೆ ಸೀಟಿಯ ಸದ್ದಿಗೆ ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಿದ್ದೆ. ಹೀಗಾಗಿ ಸರ್ಕಾರಿ ನೌಕರರ ಕ್ರೀಡಾಕೂಟಕ್ಕೆ ಹೋಗುವ ನಮ್ಮ ತಾಲ್ಲೂಕಿನ ಮಹಿಳೆಯರ ಥ್ರೋಬಾಲ್ ತಂಡಕ್ಕೆ ಮ್ಯಾನೇಜರ್ ಬೇಕು ಎಂಬ ಮಾತು ಬಂದಾಗ ಕಚೇರಿಯ ಅಷ್ಟೂ ಕಣ್ಣುಗಳು ನನ್ನ ಮೇಲೆ ಬಿದ್ದದ್ದು ಸಹಜವೇ. ಕೆಲಸವೇನೂ ಕಷ್ಟದ್ದಲ್ಲ. ಆಡುವವರ ಹೆಸರಿನ ಪಟ್ಟಿ ಬರೆಯಬೇಕು, ಬಾಳೆಹಣ್ಣು ತರಬೇಕು, ಗ್ಲೂಕೋಸ್ ಕಲಸಬೇಕು, ಸೋತರೆ ಬೈಸಿಕೊಳ್ಳಬೇಕು. ನಾಲ್ಕನ್ನೂ ನಾನು ಚೆನ್ನಾಗಿಯೇ ಮಾಡುತ್ತೇನೆ, ಮೊದಲನೆಯದರಲ್ಲಿ ಒಂದು ಸಲ ಎಡವಿದ್ದನ್ನು ಬಿಟ್ಟರೆ.

ಎಡವಿದ್ದು ಹೋದ ವರ್ಷ. ನನ್ನ ಹೆಂಡತಿ ಮಂಜುಳ ಬೈರಕೂರಿನ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಅವಳೂ ಸರ್ಕಾರಿ ನೌಕರಿಯವಳೇ, ಅವಳೂ ನಮ್ಮ ತಾಲ್ಲೂಕಿನವಳೇ. ಆದರೂ ಪಟ್ಟಿ ಬರೆಯುವಾಗ ಅವಳ ಹೆಸರು ನನಗೆ ಹೊಳೆಯಲೇ ಇಲ್ಲ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು, ಅವಳು ಮದುವೆಗೆ ಮುಂಚೆ ಕಾಲೇಜಿನ ತಂಡದಲ್ಲಿ ಆಡುತ್ತಿದ್ದಳು ಎಂಬುದನ್ನು ನಾನು ಹೇಗೋ ಕಿವಿಗೆ ಹಾಕಿಕೊಳ್ಳದೆ ಉಳಿದಿದ್ದೆ. ಅವತ್ತು ಕೋಲಾರದ ಮೈದಾನಕ್ಕೆ ಅವಳು ಬಂದದ್ದು ನಮ್ಮೆಲ್ಲರ ಬುತ್ತಿ ಹೊತ್ತುಕೊಂಡು. ಫೈನಲ್‌ನಲ್ಲಿ ಮಾಲೂರು ತಾಲ್ಲೂಕಿನವರು ನಮ್ಮನ್ನು ಸದೆಬಡಿಯುತ್ತಿದ್ದರು. ಅಷ್ಟರಲ್ಲಿ ಅಂಕಣದಾಚೆ ಚಿಮ್ಮಿದ ಚೆಂಡು ಉರುಳಿಕೊಂಡು ಬಂದು ಅವಳ ಟಿಫಿನ್ ಕ್ಯಾರಿಯರ್‌ಗೆ ತಾಗಿ ನಿಂತಿತು. ಮಂಜುಳ ಎದ್ದಳು, ಸೆರಗು ಸಿಕ್ಕಿಸಿದಳು, ಒಂದೇ ಕೈಯಲ್ಲಿ ಚೆಂಡೆತ್ತಿ ಎಸೆದಳು. ಅಷ್ಟು ದೂರದಿಂದ, ಅಷ್ಟೂ ಜನರ ತಲೆ ಮೇಲಿಂದ ಹೋದ ಚೆಂಡು ನೆಟ್ಟನ್ನು ದಾಟಿ, ಮಾಲೂರಿನವರ ಅಂಕಣದ ಮೂಲೆಯ ಗೆರೆಗೆ ಸರಿಯಾಗಿ ಬಿತ್ತು. ಅಲ್ಲಿ ನಿಂತಿದ್ದ ಮೂವರಲ್ಲಿ ಒಬ್ಬರಿಗೂ ಅದನ್ನು ಹಿಡಿಯಲಾಗಲಿಲ್ಲ. ನನ್ನ ಬಾಯಲ್ಲಿ ಅವಳೇ ಮಾಡಿದ್ದ ಚಿತ್ರಾನ್ನವಿತ್ತು. ಅದನ್ನು ನುಂಗುವುದನ್ನೂ ಮರೆತು ನೋಡಿದೆ. ಇದು ನನ್ನ ಹೆಂಡತಿಯ ಕೈಯೇ ಎಂದು ನನಗೆ ನಂಬಲಾಗಲಿಲ್ಲ.

ನಾವು ಸೋತೆವು. ಬಸ್ಸಿನಲ್ಲಿ ಮಂಜುಳ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಕೇಳಿದಳು, "ರೀ, ಪಟ್ಟೀಲಿ ನನ್ನ ಹೆಸರು ಯಾಕೆ ಬರೀಲಿಲ್ಲ?"

"ನಿಂಗೆ ಮನೆ ಕೆಲಸ ಇರುತ್ತಲ್ಲ, ತೊಂದ್ರೆ ಆಗ್ಬಾರ್ದು ಅಂತ," ಅಂದೆ. ನನ್ನ ಸಂಸಾರದಲ್ಲಿ ನಾನು ಆಡಿದ ಕೆಟ್ಟ ಮಾತುಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬಹುದು. ಅವಳು ಮುಳಬಾಗಿಲು ಬರುವವರೆಗೂ ಹೊರಗೆ ಮಾವಿನ ತೋಪುಗಳನ್ನು ನೋಡುತ್ತ ಕುಳಿತಳು.

ಅವಳ ಎಸೆತವನ್ನು ನೋಡಿದ್ದವನು ನಾನೊಬ್ಬನೇ ಅಲ್ಲವಲ್ಲ. ಮಾಲೂರಿನ ಮ್ಯಾನೇಜರ್ ನನ್ನಂಥವನಲ್ಲ, ಆಟ ಗೊತ್ತಿರುವ ಮನುಷ್ಯ. ಈ ವರ್ಷ ಪಂದ್ಯಕ್ಕೆ ಮೂರು ತಿಂಗಳಿರುವಾಗ ಅವನು ಮಂಜುಳಳಿಗೆ ನೇರವಾಗಿ ಫೋನ್ ಮಾಡಿ, "ಮೇಡಂ, ನಮ್ಮ ತಾಲ್ಲೂಕಿನ ಟೇಕಲ್ ಶಾಲೇಲಿ ಒಂದು ಪೋಸ್ಟ್ ಖಾಲಿ ಇದೆ. ರೈಲ್ವೆ ಸ್ಟೇಷನ್ ಪಕ್ಕದಲ್ಲೇ. ವರ್ಗಾವಣೆಗೆ ಅರ್ಜಿ ಹಾಕಿ, ನಮ್ಮ ಟೀಮಿಗೆ ನೀವೇ ಕ್ಯಾಪ್ಟನ್," ಅಂದನಂತೆ. ಅವಳು ಇದನ್ನು ನನಗೆ ಸೊಪ್ಪು ಬಿಡಿಸುತ್ತ ಹೇಳಿದಳು. ಮರುದಿನ ದೇವರ ಪಟದ ಹಿಂದೆ ವರ್ಗಾವಣೆ ಅರ್ಜಿ ಕಾಣಿಸಿತು. ಹೆಸರು, ಹುದ್ದೆ ಎಲ್ಲ ತುಂಬಿತ್ತು, ಸಹಿ ಮಾತ್ರ ಇರಲಿಲ್ಲ. ಈ ವರ್ಷದ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ ಬರೆದಿದ್ದೆ. ಆ ಸಹಿ ಬಿದ್ದರೆ ನನ್ನ ತಂಡ ಹೋಯಿತು. ತಂಡ ಹಾಳಾಗಲಿ, ಹೆಂಡತಿ ಒಂದು ಕಡೆ, ಗಂಡ ಒಂದು ಕಡೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅಮೆರಿಕದಲ್ಲಿ ಮೊಟ್ಟೆಯಾಕಾರದ ಚೆಂಡಿನ ಒಂದು ಫುಟ್‌ಬಾಲ್ ಇದೆ. ಅದನ್ನು ಕಾಲಿನಿಂದ ಆಡುವುದೇ ಅಪರೂಪವಂತೆ, ಆದರೂ ಹೆಸರು ಅದೇ. ಅದರಲ್ಲಿ ಚೆಂಡು ಎಸೆಯುವವನೇ ತಂಡದ ಪ್ರಾಣ. ಅಂಥವನ ಒಪ್ಪಂದ ಮುಗಿಯುತ್ತ ಬಂದರೆ ತಂಡದ ದೊಡ್ಡವರಿಗೆ ಊಟ ಸೇರುವುದಿಲ್ಲ. "ಅವನು ನಮ್ಮ ಮನೆಮಗ, ಮಾತುಕತೆ ಚೆನ್ನಾಗಿ ನಡೀತಿದೆ" ಎಂದು ಊರಿಗೆಲ್ಲ ಹೇಳುತ್ತಿರುತ್ತಾರೆ. ಅವನು ಮಾತ್ರ ಏನೂ ಹೇಳುವುದಿಲ್ಲ. ಅಭ್ಯಾಸಕ್ಕೆ ಬಂದು, ಚೆಂಡು ಮುಟ್ಟದೆ, ಪಕ್ಕದಲ್ಲಿ ನಿಂತಿರುತ್ತಾನಂತೆ. ಇದನ್ನೆಲ್ಲ ಮೊಬೈಲಿನಲ್ಲಿ ಓದಿ ನಾನು ಬೆರಗಾದೆ. ಯಾಕೆಂದರೆ ಮಂಜುಳ ಅದನ್ನು ಓದಿರಲಿಲ್ಲ. ಆದರೂ ದಿನಾ ಸಂಜೆ ಮೈದಾನಕ್ಕೆ ಬಂದು, ಕಲ್ಲುಬೆಂಚಿನ ಮೇಲೆ ಕುಳಿತು, ಐದನೇ ಕ್ಲಾಸಿನ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದಳು. ಚೆಂಡು ಕಾಲಿನ ಹತ್ತಿರ ಬಂದರೂ ಮುಟ್ಟುತ್ತಿರಲಿಲ್ಲ. ಉಳಿದವರು ನನ್ನ ಮುಖ ನೋಡುತ್ತಿದ್ದರು. ನಾನು, "ಮಾತುಕತೆ ಚೆನ್ನಾಗಿ ನಡೀತಿದೆ," ಅನ್ನುತ್ತಿದ್ದೆ.

ಒಂದು ವಾರ ಕಳೆದ ಮೇಲೆ ಕೈಮುಗಿದು ಕೇಳಿದೆ, "ನಿಂಗೇನು ಬೇಕು ಹೇಳೇ."

"ನಾನು ಹೇಳಲ್ಲ. ಭಾನುವಾರ ಚೌಡಪ್ಪ ಮಾವ ಬರ್ತಾರೆ. ಅವರತ್ರ ಮಾತಾಡಿ," ಅಂದಳು.

ಚೌಡಪ್ಪ ಮಾವ ಅವಳ ಸೋದರಮಾವ. ನಲವತ್ತು ವರ್ಷದಿಂದ ದನದ ಸಂತೆಗಳಲ್ಲಿ ದಲ್ಲಾಳಿ. ಸಂತೆಯಲ್ಲಿ ದನದ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ ಹಾಕುತ್ತಾರೆ, ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಲೆಕ್ಕ ಹೇಳಿಕೊಳ್ಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸುತ್ತ ನೂರು ಜನ ನಿಂತಿದ್ದರೂ ಒಳಗೆ ಏನಾಯಿತೆಂದು ಒಬ್ಬರಿಗೂ ತಿಳಿಯುವುದಿಲ್ಲ. ಭಾನುವಾರ ಬೆಳಿಗ್ಗೆ ಮಾವ ಬಂದರು, ಕಾಫಿ ಕುಡಿದರು, ನನ್ನನ್ನು ಜಗಲಿಗೆ ಕರೆದು ಎದುರಿಗೆ ಕೂರಿಸಿಕೊಂಡು ಹೆಗಲ ಮೇಲಿನ ಟವೆಲ್ ತೆಗೆದರು.

"ಮಾವ, ಬಾಯಲ್ಲೇ ಹೇಳ್ಬೋದಲ್ಲ, ಮನೆ ವಿಷ್ಯ," ಅಂದೆ.

"ಮನೆ ವಿಷ್ಯ ಅಂತಾನೇ ಅಳಿಯಂದಿರೇ, ಬಾಯಲ್ಲಿ ಆಡ್ಬಾರ್ದು. ಬಾಯಲ್ಲಾಡಿದ್ರೆ ಜಗಳ ಆಗ್ತದೆ," ಅಂದರು ಮಾವ. "ಹುಡುಗಿ ಆಡ್ಬೇಕು ಅಂದ್ರೆ ಸಾಯಂಕಾಲ ಅಡುಗೆಮನೆ ನಿಮ್ದು. ವಾರಕ್ಕೆಷ್ಟು ಸಾಯಂಕಾಲ ಅನ್ನೋದೇ ಯವ್ವಾರ. ಸರೇನಾ?"

"ಸರಿ ಮಾವ," ಅಂದೆ. ಮನಸ್ಸಿನಲ್ಲಿ ಎರಡಕ್ಕೆ ನಿಲ್ಲಿಸಬೇಕೆಂದು ಲೆಕ್ಕ ಹಾಕಿಕೊಂಡಿದ್ದೆ. ಮೂರಾದರೆ ಹೇಗೋ ತಡೆದುಕೊಳ್ಳಬಹುದು.

ಟವೆಲ್ ಬಿತ್ತು. ಮಾವನ ಮುಖ ನೋಡಿದೆ. ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಎದುರು ಮನೆಯ ಬೇಲಿಯ ಮೇಲೆ ಕುಳಿತ ಕಾಗೆಯನ್ನು ನೋಡುತ್ತ, ಮಳೆ ಬರುತ್ತದೋ ಇಲ್ಲವೋ ಎಂದು ಯೋಚಿಸುವವರ ಹಾಗೆ ಕುಳಿತಿದ್ದರು. ಕೆಳಗೆ ಮಾತ್ರ ಅವರ ಕೈ ನನ್ನ ಇಡೀ ಕೈಯನ್ನು ಹಿಡಿಯಿತು. ಬಿಟ್ಟಿತು. ಮತ್ತೆ ಎರಡು ಬೆರಳು ಹಿಡಿಯಿತು. ಏಳು. ಅಂದರೆ ವಾರದ ಅಷ್ಟೂ ಸಾಯಂಕಾಲ. ಹಿರಿಯರಿಗೆ ಒಮ್ಮೆಲೇ ಎರಡು ಎನ್ನುವುದು ಹೇಗೆ? ಮೊದಲು ಒಂದಿಷ್ಟು ಮರ್ಯಾದೆ ತೋರಿಸಿ, ಆಮೇಲೆ ನಿಧಾನವಾಗಿ ಇಳಿಸೋಣ ಎಂದುಕೊಂಡು, ಅವರ ಕೈಯನ್ನು ಗೌರವದಿಂದ ಗಟ್ಟಿಯಾಗಿ ಹಿಡಿದು ಕುಲುಕಿದೆ. ಕಚೇರಿಗೆ ಸಾಹೇಬರು ಬಂದಾಗ ಕುಲುಕುವುದಿಲ್ಲವೇ, ಹಾಗೆ.

ಮಾವ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. ಕಾಗೆಯಿಂದ ಕಣ್ಣು ಕಿತ್ತು ಮೊದಲ ಸಲ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ಆಶ್ಚರ್ಯವಿತ್ತು. "ಅಳಿಯಂದಿರೇ, ಇಷ್ಟು ವರ್ಷ ಸಂತೆ ಮಾಡಿದೀನಿ. ಮೊದಲ್ನೇ ಮಾತಿಗೇ ಕೈ ಕುಲುಕಿ ಮುಗಿಸಿದೋರ್ನ ನೋಡಿರ್ಲಿಲ್ಲ," ಅಂದರು.

ಕುಲುಕಿದರೆ ಒಪ್ಪಿದ ಹಾಗೆ ಎಂಬುದು ನಮ್ಮ ಸೀಮೆಯಲ್ಲಿ ದನ ಕಾಯುವವರಿಗೂ ಗೊತ್ತು. ನನಗೆ ಆಗ ಗೊತ್ತಾಯಿತು. "ಮಾವ, ಅದು..." ಎಂದು ಬಾಯಿ ತೆರೆದೆ. ಟವೆಲ್ ತೆಗೆದ ಮೇಲೆ ಮಾತಾಡುವವನನ್ನು ಮರುದಿನ ಯಾವ ಸಂತೆಯಲ್ಲೂ ಹತ್ತಿರ ಸೇರಿಸುವುದಿಲ್ಲ. ಮಾವ ಆಗಲೇ ಒಳಗೆ ಹೋಗಿ ಮಂಜುಳಳ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು. ಕಣ್ಣು ಕೆಂಪಗಾಗಿತ್ತು. ಈರುಳ್ಳಿ ಹೆಚ್ಚುತ್ತಿದ್ದಳು ಎಂದುಕೊಂಡೆ. ಮರುದಿನ ದೇವರ ಪಟದ ಹಿಂದೆ ಅರ್ಜಿ ಇರಲಿಲ್ಲ. ಎಲ್ಲಿ ಹೋಯಿತೆಂದು ಕೇಳಲು ಧೈರ್ಯ ಸಾಲಲಿಲ್ಲ.

ಆಮೇಲೆ ಪಂದ್ಯದವರೆಗಿನ ದಿನಗಳನ್ನು ಹೇಗೆ ಹೇಳಲಿ. ಮುದ್ದೆಗೆ ಎಷ್ಟು ಹಿಟ್ಟು ಎಷ್ಟು ನೀರು ಎನ್ನುವುದು ಯಾವ ಸುತ್ತೋಲೆಯಲ್ಲೂ ಬಂದಿಲ್ಲ. ಮೊದಲ ವಾರ ನಾನು ತೊಳಸಿದ ಮುದ್ದೆಯಲ್ಲಿ ಗಂಟುಗಳು ಎಷ್ಟಿದ್ದವೆಂದರೆ ಅಗಿಯದೆ ನುಂಗುವಂತಿರಲಿಲ್ಲ. ಬಸ್ಸಾರಿಗೆ ಸೊಪ್ಪು ಬೇಯಿಸಿ, ಬಸಿದ ಕಟ್ಟು ನೀರನ್ನು ಬಚ್ಚಲಿಗೆ ಚೆಲ್ಲಿ, ಸಾರು ಯಾವುದರಿಂದ ಮಾಡುವುದು ಎಂದು ಅಲ್ಲೇ ನಿಂತು ಯೋಚಿಸಿದ್ದೇನೆ. ಮಂಜುಳ ಮೈಯೆಲ್ಲ ಧೂಳು ಮಾಡಿಕೊಂಡು ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕುಳಿತು ತಪ್ಪೆಣಿಸದೆ ಉಣ್ಣುತ್ತಿದ್ದಳು. ಈ ಕೆಲಸವನ್ನು ಅವಳು ಹದಿನಾಲ್ಕು ವರ್ಷ, ಶಾಲೆ ಮುಗಿಸಿ ಬಂದು, ಒಂದು ಮಾತಿಲ್ಲದೆ ಮಾಡಿದ್ದಳಲ್ಲ ಎಂದು ಸೌಟು ಹಿಡಿದುಕೊಂಡೇ ಬೆರಗಾಗುತ್ತಿದ್ದೆ. ಅವಳ ಎಸೆತಕ್ಕಿಂತ ಇದು ದೊಡ್ಡದು ಅನ್ನಿಸುತ್ತಿತ್ತು.

ಫೈನಲ್‌ನಲ್ಲಿ ಮತ್ತೆ ಮಾಲೂರು. ಎರಡೂ ಕಡೆ ಒಂದೊಂದು ಸೆಟ್ ಆಗಿ, ಮೂರನೆಯದೂ ಸಮಸಮವಾಗಿ ಸಾಗಿ, ಗೆಲ್ಲಲು ನಮಗಿನ್ನು ಒಂದೇ ಅಂಕ ಬೇಕಿತ್ತು. ನಾನು ಗ್ಲೂಕೋಸಿನ ಬಕೆಟ್ ಹಿಡಿದುಕೊಂಡು ಬದಿಯಲ್ಲಿ ನಿಂತಿದ್ದೆ. ಎದುರಿನಿಂದ ರಪ್ಪನೆ ಬಂದ ಚೆಂಡನ್ನು ಮಂಜುಳ ಎದೆಯ ಮುಂದೆ ಎರಡೂ ಕೈಯಲ್ಲಿ ಹಿಡಿದು, ಹಿಡಿದದ್ದು ಕಾಣುವುದರೊಳಗೆ ಎಸೆದಾಗಿತ್ತು. ಚೆಂಡು ಹೋದದ್ದು ಅವಳು ನೋಡಿದ ದಿಕ್ಕಿಗಲ್ಲ. ಮಾಲೂರಿನವರೆಲ್ಲ ಎಡಕ್ಕೆ ಓಡಿದ್ದರು, ಚೆಂಡು ಬಲಗಡೆ ಖಾಲಿ ನೆಲಕ್ಕೆ ಬಿತ್ತು. ಗೆದ್ದೆವು. ಎಲ್ಲರೂ ಅವಳನ್ನು ಎತ್ತಿಕೊಂಡರು. ಮಾಲೂರಿನ ಮ್ಯಾನೇಜರ್ ಕೂಡ ಚಪ್ಪಾಳೆ ತಟ್ಟುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇಂಥದ್ದನ್ನು ಮನೆಯಲ್ಲೇ ಇಟ್ಟುಕೊಂಡು ಪಟ್ಟಿಯಲ್ಲಿ ಬರೆಯದೆ ಇದ್ದವನು ನಾನು ಎಂದು ನಾಚಿಕೆಯೂ ಆಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ, ಅವಳು ಸಂತೋಷವಾಗಿದ್ದಾಳೆ, ಇದೇ ಸಮಯವೆಂದು ಮೆಲ್ಲಗೆ ವಿಷಯ ತೆಗೆದೆ. "ಮಂಜು, ಪಂದ್ಯ ಮುಗೀತಲ್ಲ. ಆ ಏಳು ಸಾಯಂಕಾಲದ ಲೆಕ್ಕ ಇನ್ನು ಸ್ವಲ್ಪ..."

ಅವಳು ನನ್ನ ಕಡೆ ತಿರುಗಿದಳು. "ರೀ, ಒಂದು ಹೇಳ್ತೀನಿ, ನಗಬೇಡಿ. ಮಾವನಿಗೆ ನಾನು ಎರಡು ಸಾಕು ಅಂದಿದ್ದೆ. ಅವರೇ, ಅಳಿಯಂದಿರು ಇಳಿಸ್ತಾರೆ, ಏಳರಿಂದ ಶುರು ಮಾಡ್ತೀನಿ ಅಂದ್ರು. ನೀವು ಒಂದಕ್ಕೆ ತರ್ತೀರಿ, ತಂದ್ರೆ ಟೇಕಲ್ ಅರ್ಜಿಗೆ ಸಹಿ ಹಾಕ್ಬಿಡೋದು ಅಂತ ನಾನು ಅಡುಗೆಮನೇಲಿ ಪೆನ್ನು ಹಿಡ್ಕೊಂಡೇ ನಿಂತಿದ್ದೆ. ಮಾವ ಒಳಗೆ ಬಂದು, ನಿನ್ನ ಗಂಡ ಚೌಕಾಸೀನೇ ಮಾಡ್ಲಿಲ್ಲ ಕಣಮ್ಮಾಯಿ, ಮೊದಲ್ನೇ ಮಾತಿಗೇ ಕೈ ಕುಲುಕಿದ್ರು ಅಂದ್ರು. ಅರ್ಜಿ ಅಲ್ಲೇ ಒಲೆಗೆ ಹಾಕ್ದೆ." ಆಮೇಲೆ ಹೇಳಿದಳು, "ನಿಮ್ಮನ್ನ ನಾನು ಸರಿಯಾಗಿ ತಿಳ್ಕೊಂಡಿರ್ಲಿಲ್ಲ."

ಹೀಗೆ ಹೇಳಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಅದು ಮರ್ಯಾದೆಗೆ ಕುಲುಕಿದ್ದು, ಎರಡಕ್ಕೆ ಇಳಿಸಬೇಕೆಂದೇ ಕುಳಿತಿದ್ದೆ ಎಂದು ಹೇಳಲು ಅಲ್ಲಿಂದ ಮುಳಬಾಗಿಲಿನವರೆಗೆ ಸಮಯವಿತ್ತು. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಅವಳು ತಿಳಿದುಕೊಂಡಿರುವಂಥ ಗಂಡ ನಾನಾಗುವವರೆಗೆ ದಿನಾ ಸಾಯಂಕಾಲ ಮುದ್ದೆ ತೊಳಸುತ್ತಿರುವುದು ಒಳ್ಳೆಯದೆಂದು ತೀರ್ಮಾನಿಸಿದ್ದೇನೆ. ಗಂಟುಗಳು ಈಗ ಕಡಿಮೆಯಾಗಿವೆ.