ಕಾಟಾದ ಕಾಕಾ ಮತ್ತು ನನ್ನ ಮನೋವಿಜ್ಞಾನ

ಹೊಟ್ಟೆಕಿಚ್ಚು ಎಲ್ಲರಿಗೂ ಬರುತ್ತದೆ, ಬಂದಿದೆ ಎಂದು ಒಪ್ಪಿಕೊಳ್ಳುವವರು ಕಡಿಮೆ. ನಾನು ಒಪ್ಪಿಕೊಳ್ಳುತ್ತೇನೆ. ನನಗೆ ಪಕ್ಕದ ಮನೆಯ ಜಿನ್ನಪ್ಪ ಕಾಕಾರ ಮೇಲೆ ಹೊಟ್ಟೆಕಿಚ್ಚು. ಅವರ ಹೊಲ, ಎಮ್ಮೆ, ಹೊಸ ಮೋಟರ್ ಸೈಕಲ್ ಅವರಿಗೇ ಇರಲಿ. ನನ್ನ ಹೊಟ್ಟೆ ಉರಿಯುವುದು ಅವರ ಕಟ್ಟೆಗೆ ಬಂದು ಮನಸ್ಸು ಬಿಚ್ಚುವ ಜನರನ್ನು ಕಂಡು. ನ್ಯಾಯವಾಗಿ ಅವರೆಲ್ಲ ನನ್ನ ಹತ್ತಿರ ಬರಬೇಕಾದವರು. ಇಡೀ ರಾಯಬಾಗದಲ್ಲಿ ಮನೋವಿಜ್ಞಾನದ ಎಂ.ಎ. ಮಾಡಿದವನು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬನೇ.

ಈ ಕಥೆ ನಡೆದಾಗ ಡಿ.ಎಡ್. ಕಾಲೇಜುಗಳ ಸುಗ್ಗಿ. ಅಂಥದೊಂದರಲ್ಲಿ ನಾನು ಮನೋವಿಜ್ಞಾನ ಕಲಿಸುತ್ತಿದ್ದೆ. ಪಡಸಾಲೆಯ ಗೋಡೆಗೆ ಮೆದುಳಿನ ದೊಡ್ಡ ಚಿತ್ರಪಟ ಹಾಕಿದ್ದೆ. ಬಂದವರು ಅದನ್ನು ನೋಡಿ ಹೂಕೋಸಿನ ಬೀಜದ ಕಂಪನಿಯವರು ಕೊಟ್ಟದ್ದೇ ಎಂದು ಕೇಳುತ್ತಿದ್ದರು. ನನ್ನ ವಿದ್ಯೆಯನ್ನು ಊರು ಉಪಯೋಗಿಸಿಕೊಂಡದ್ದು ಒಂದೇ ವಿಷಯಕ್ಕೆ. ಯಾವುದೋ ಸಿನಿಮಾ ನೋಡಿ ಬಂದ ಕಿರಾಣಿ ಅಂಗಡಿಯವನು, "ಸರ, ನೆನಪ ಹೋದಾವ್ಗ ತಲಿಗೆ ಇನ್ನೊಂದ ಏಟ ಕೊಟ್ರ ನೆನಪ ಬರತೈತೇನ್ರಿ?" ಎಂದು ಕೇಳಿದ. ಬರುವುದಿಲ್ಲ ಎಂದು ಮೆದುಳಿನ ಭಾಗಗಳನ್ನೆಲ್ಲ ವಿವರಿಸಿದೆ. ಅವನು ಅರ್ಧಕ್ಕೇ ಸಕ್ಕರೆ ಕಟ್ಟಲು ಎದ್ದುಹೋದ.

ಇನ್ನು ಕಾಕಾ ಏನು ಓದಿದವರು? ಮ್ಯಾಟ್ರಿಕ್. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವಲ್ಲಿ, ಕುಳಿತು ರಿಟೈರ್ ಆದವರು. ಪಾಳಿ ಹಚ್ಚಿ ನಿಂತ ಗಾಡಿಯವರು ಕಿಟಕಿಗೆ ಬಂದು ಮನೆಯ ಸುಖದುಃಖವೆಲ್ಲ ಹೇಳುತ್ತಿದ್ದರಂತೆ. ಈಗ ಕಟ್ಟೆಯ ಮೇಲೂ ಅದೇ ಪಾಳಿ, ಅದೇ ಪದ್ಧತಿ. ಮೊದಲ ಸಲ ಬಂದವನಿಗೆ ಕಾಕಾ ಏನೂ ಹೇಳುವುದಿಲ್ಲ. "ಗಾಡಿ ಕಾಟಾಕ್ಕ ಎರಡ ಸಲ ಬರಬೇಕ್ರಿ. ತುಂಬಿದಾಗೊಮ್ಮೆ, ಖಾಲಿ ಆದ ಮ್ಯಾಲೊಮ್ಮೆ. ಅಲ್ಲಿತನಕಾ ತೂಕ ತಿಳಿಯೂದಿಲ್ಲ. ನಾಳೆ ಬರ್ರಿ," ಎನ್ನುತ್ತಾರೆ. ಮರುದಿನ ಬರುವಷ್ಟರಲ್ಲಿ ಆ ಮನುಷ್ಯನೇ ಏನೋ ದಾರಿ ಕಂಡುಕೊಂಡಿರುತ್ತಾನೆ. ಹೆಸರು ಮಾತ್ರ ಕಾಕಾರಿಗೆ! ಯಾವ ಪುಸ್ತಕದಲ್ಲಿದೆ ಈ ಚಿಕಿತ್ಸೆ?

ಊರಿನವರು ಹೋಗಲಿ ಬಿಡಿ, ಒಂದು ದಿನ ನನ್ನ ಹೆಂಡತಿಯೇ ಹೋದಳು. ವಾರದಿಂದ ಸುವರ್ಣಾ ಸರಿಯಾಗಿ ಉಣ್ಣುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಏನಾಯಿತೆಂದು ಪ್ರೀತಿಯಿಂದಲೇ ಕೇಳಿದೆ. ಆಕೆ ಬಾಯಿ ತೆರೆಯುವ ಮೊದಲೇ ಇದು ಖಿನ್ನತೆಯ ಮೊದಲ ಹಂತ, ಲಕ್ಷಣಗಳನ್ನು ಒಂದೊಂದಾಗಿ ಹೇಳು ಎಂದೆ. ಆಕೆ ಹೆಪ್ಪಿಗೆ ಮೊಸರು ತರುತ್ತೇನೆಂದು ಬಟ್ಟಲು ಹಿಡಿದು ಹೋದವಳು ತಾಸುಗಟ್ಟಲೆ ಬರಲಿಲ್ಲ. ಕಿಟಕಿಯಿಂದ ನೋಡಿದೆ. ಕಾಕಾರ ಮುಂದೆ ಕುಳಿತು ಕಣ್ಣು ಒರೆಸಿಕೊಂಡಳು, ಆಮೇಲೆ ನಕ್ಕಳು. ಅತ್ತದ್ದನ್ನು ಹೇಗೋ ತಡೆದುಕೊಂಡೆ, ನಕ್ಕದ್ದನ್ನು ತಡೆಯಲಾಗಲಿಲ್ಲ.

"ಕಾಕಾನ ಮುಂದ ಹೇಳಾಕ ಬರತೈತಿ, ನನ್ನ ಮುಂದ ಯಾಕ ಬರಂಗಿಲ್ಲ?" ಎಂದು ಬಂದ ಕೂಡಲೇ ಜಗಳ ತೆಗೆದೆ.

"ನಿಮಗ ಹೇಳಿದ್ರ ಅದಕ್ಕೊಂದ ರೋಗದ ಹೆಸರ ಹಚ್ಚತೀರಿ. ಮೊನ್ನಿ ನಮ್ಮವ್ವ ನಾಕ ಸಲ ಕೈ ತೊಳಕೊಂಡಿದ್ದಕ್ಕ ಗೀಳ ಅಂದ್ರಿ. ಆಕಿ ಹಸಿಮೆಣಸಿನಕಾಯಿ ಹೆಚ್ಚಿದ್ದಳ್ರೀ!"

ಅವತ್ತೇ ನಿರ್ಧರಿಸಿದೆ. ಇನ್ನು ಮೇಲೆ ಯಾರಿಗೂ ಯಾವ ರೋಗವೂ ಇಲ್ಲ. ಕಾಕಾರಂತೆ ಸುಮ್ಮನೆ ಕುಳಿತು "ಹೂಂ" ಎನ್ನುವುದು, ಆಕೆಯ ಮನಸ್ಸಿನ ಮಾತು ನನ್ನ ಮುಂದೆಯೇ ಬರುವಂತೆ ಮಾಡುವುದು. ಮರುದಿನ ಬೆಳಗಿನಿಂದ ಅಡುಗೆಮನೆಯಲ್ಲಿ ಮಣೆ ಹಾಕಿ ಕುಳಿತೆ. ಆಕೆ ಒಗ್ಗರಣೆ ಹಾಕಿದರೂ ಹೂಂ, ಕುಕ್ಕರ್ ಕೂಗಿದರೂ ಹೂಂ. ಸಂಜೆಯಾಗುವಷ್ಟರಲ್ಲಿ ಸುವರ್ಣಾ ನನ್ನ ಹಣೆ ಮುಟ್ಟಿ ನೋಡಿ, ಕೈಹಿಡಿದು ಎಬ್ಬಿಸಿ, ನೇರ ಕಟ್ಟೆಗೆ ಕರೆದೊಯ್ದಳು.

"ಕಾಕಾ, ಇವರು ಮುಂಜಾನಿಂದ ಯಾರಿಗೂ ರೋಗದ ಹೆಸರ ಹಚ್ಚಿಲ್ರಿ. ನನಗ ಅಂಜಿಕಿ ಬರಾಕತ್ತೈತಿ."

"ಕೂಡ್ರಿ ಸರ. ಮೊದಲ ತಂಗಿ ಪಾಳಿ, ಆಕೀದು ಎರಡನೇ ಸಲದ್ದೈತಿ. ಆಮ್ಯಾಲ ನಿಮ್ಮದು," ಎಂದರು ಕಾಕಾ.

ಎಂ.ಎ. ಆದವನು ಪಾಳಿಗೆ ಕುಳಿತೆ. ಸುವರ್ಣಾ ಪಕ್ಕದಲ್ಲಿ ಮಾತಾಡುತ್ತಿದ್ದಳು, ನಾನು ನನ್ನ ಸರದಿಗೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಎಲ್ಲಿಂದ ಶುರು ಮಾಡುವುದು? ಕಾಲೇಜಿನ ಪ್ರಿನ್ಸಿಪಾಲರಿಂದಲೋ, ಗೋಡೆಯ ಹೂಕೋಸಿನಿಂದಲೋ? ಕೊನೆಗೆ ಪಾಳಿ ಬಂದಾಗ ಎಲ್ಲ ಒಟ್ಟಿಗೇ ಹೊರಬಿತ್ತು. "ಕಾಕಾ, ನಿಮ್ಮ ಮ್ಯಾಲ ನನಗ ಹೊಟ್ಟಿಕಿಚ್ಚ ಐತ್ರಿ," ಎಂದೂ ಹೇಳಿಬಿಟ್ಟೆ. ಕಾಕಾ ಬೇಸರ ಮಾಡಿಕೊಳ್ಳಲಿಲ್ಲ. "ಹೌದ್ರಿ? ಮತ್ತ?" ಎಂದರು. ಎಂಥ ಮನುಷ್ಯ! ಒಂದು ತಾಸು ಹೇಳಿದೆ. ನಾಳೆ ಬರ್ರಿ ಎಂದರು.

ಮೈ ಹಗುರಾಯಿತು. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಸುವರ್ಣಾಳೂ ನಗುನಗುತ್ತ ಬಡಿಸಿದಳು. ಇದೇ ಸಮಯವೆಂದು, ಯಾವ ಹೆಸರನ್ನೂ ಹಚ್ಚದೆ, ಮೆಲ್ಲಗೆ ಕೇಳಿದೆ: "ಅಲ್ಲ, ನಿನ್ನ ಮನಸಿನ್ಯಾಗ ಏನಿತ್ತು? ಈಗರೆ ಹೇಳ."

ಆಕೆ ಬಡಿಸುವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಎಲ್ಲಾ ಹೇಳಿದ್ನೆಲ್ರಿ ಕಾಕಾನ ಮುಂದ. ನೀವು ಬಾಜೂಕ ಕುಂತ ಹೂಂ, ಹೂಂ ಅನ್ನಾಕತ್ತಿದ್ರಿ."