ನಮ್ಮ ಹೆಡ್‌ಕ್ಲರ್ಕ್ ಹಾಕಿದ ಗಂಟು

ನಮ್ಮ ಆಫೀಸಿಗೆ ಕಳ್ಳ ನುಗ್ಗಿದರೆ ಪೊಲೀಸರಿಗೆ ಫೋನು ಮಾಡಬೇಕಾಗಿಲ್ಲ. ಬೀರುಗಳಿಗೆ ಬೀಗವಿಲ್ಲ, ಬಾಗಿಲಿನ ಚಿಲಕ ಕೂರುವುದಿಲ್ಲ, ಕಾವಲುಗಾರ ಎಂಬ ಹುದ್ದೆಯೇ ಇಲ್ಲ. ಆದರೂ ಭಯವಿಲ್ಲ! ಕಳ್ಳ ಯಾವ ಫೈಲನ್ನು ಬೇಕಾದರೂ ಹೊತ್ತುಕೊಂಡು ಹೋಗಲಿ. ಮೂರನೆಯ ದಿನ ಅವನೇ ವಾಪಸು ತಂದು, "ಇದನ್ನು ಬಿಚ್ಚಿಕೊಡಿ ಸ್ವಾಮಿ" ಎಂದು ಕೈಮುಗಿದು ನಿಲ್ಲುತ್ತಾನೆ. ಬಿಚ್ಚಿಕೊಡಬಲ್ಲವರು ಈ ಭೂಮಿಯ ಮೇಲೆ ಒಬ್ಬರೇ, ನಮ್ಮ ಹೆಡ್‌ಕ್ಲರ್ಕು. ಅವರು ಅಂದು ರಜೆಯಲ್ಲಿದ್ದರೆ ಕಳ್ಳನೂ ನಮ್ಮ ಹಾಗೆಯೇ ಬೆಂಚಿನ ಮೇಲೆ ಕೂತು ಕಾಯಬೇಕು.

ಸೇಲಂನಲ್ಲಿ ಕೈಮಗ್ಗ ನೇಕಾರರ ಸಂಘವೊಂದರ ಆಫೀಸು ನಮ್ಮದು. ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್. ಊರು ಕಾರಿಮಂಗಲಂ ಕಡೆ. ಸೇಲಂನಲ್ಲಿ ಚಿಕ್ಕಮ್ಮನ ಮನೆಯಲ್ಲಿ ವಾಸ. ಹೆಡ್‌ಕ್ಲರ್ಕು ಹುಟ್ಟಿದ್ದು ಇದೇ ಊರಿನ ಮಗ್ಗದ ಮನೆಯಲ್ಲಿ. ಅವರ ಮನೆಮಾತೂ ನಮ್ಮಂತೆ ಕನ್ನಡವೇ. ಚಿಕ್ಕಂದಿನಲ್ಲಿ ಅವರ ಕೆಲಸವೆಂದರೆ ಅಪ್ಪನ ಪಕ್ಕದಲ್ಲಿ ಕೂತು, ಹಾಸಿನಲ್ಲಿ ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕುವುದು. ಹಾಸು ಎಂದರೆ ಮಗ್ಗದ ಉದ್ದಕ್ಕೂ ಬಿಗಿದ ನೂಲು. ಅದರಲ್ಲಿ ಒಂದೆಳೆ ಹರಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಆ ಗಂಟೋ ಸಾಸಿವೆ ಕಾಳಿಗಿಂತ ಸಣ್ಣದು, ಎಳೆದಷ್ಟೂ ಬಿಗಿಯಾಗುವಂಥದ್ದು. ಮುಂದೆ ಅವರು ಹತ್ತನೇ ಕ್ಲಾಸು ಪಾಸಾಗಿ ಗುಮಾಸ್ತರಾದರು, ಮಗ್ಗ ಬಿಟ್ಟರು. ಆದರೆ ಬೆರಳು ಬಿಡಬೇಕಲ್ಲ! ಮನೆಯಿಂದ ತುಂಡು ನೂಲು ತಂದು, ನಾಲ್ಕೆಳೆ ಸೇರಿಸಿ ಹೊಸೆದು, ಆಫೀಸಿನ ಒಂದೊಂದು ಫೈಲಿಗೂ ಅಡ್ಡಕ್ಕೆ ಉದ್ದಕ್ಕೆ ಸುತ್ತಿ, ಅದೇ ಗಂಟು ಹಾಕಿ ಬೀರುವಿನೊಳಗೆ ಇಟ್ಟುಬಿಟ್ಟರು.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಮುಂದೆ ಒಂದು ಫೈಲು ಇಟ್ಟು, "ಬಿಚ್ಚಮ್ಮಣ್ಣಿ, ನೋಡಾನ" ಎಂದರು. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿದೆ. ಊಟದ ಹೊತ್ತಿಗೆ ನನ್ನ ಎರಡು ಉಗುರು ಹೋಗಿದ್ದವು, ಗಂಟು ಮಾತ್ರ ಇದ್ದಲ್ಲೇ ಇತ್ತು. ನಾಚಿಕೆ ಬಿಟ್ಟು ಕತ್ತರಿ ಕೇಳಿದೆ. ನಾನೇನೋ ಅವರ ಕುತ್ತಿಗೆ ಕೇಳಿದೆನೆಂಬಂತೆ ನನ್ನನ್ನು ನೋಡಿದರು.

"ನೂಲ್ಗೆ ಕತ್ರಿ ಆಕ್ತಾರಾ? ತಾನಾಗ್ ಅರಿದಿದ್ದನ್ನ ಕಟ್ಬೌದು. ಬೇಕೂಂತ ಕತ್ರಿಸ್ದೋರು ಮಗ್ಗದ್ ಮನೇನಾಗೆ ಉದ್ಧಾರ ಆಗಾಕಿಲ್ಲ."

"ಇದು ಮಗ್ಗದ ಮನೆ ಅಲ್ಲ ಸಾರ್, ಆಫೀಸು" ಎಂದೆ.

"ಯಾವ್ ಮಗ್ಗದೋರ್ ದುಡಿಮೇನಾಗೆ ನಡೀತೈತೆ ಈ ಆಪೀಸು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಅದೇ ಗಂಟನ್ನು ಹೆಬ್ಬೆರಳಿನಿಂದ ಒಮ್ಮೆ ತಳ್ಳಿದರು. ಬಿಚ್ಚಿಕೊಂಡಿತು! ನನಗೆ ಕಲಿಸುತ್ತೇನೆಂದು ಆರು ವರ್ಷ ಹೆಣಗಿದರು. ನಾನು ಕಲಿಯಲಿಲ್ಲ. ಕಲಿಯಬಾರದೆಂಬ ಹಟವೂ ನನಗೆ ಸ್ವಲ್ಪ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷ ಹೊಸ ಮ್ಯಾನೇಜರು ಬಂದರು. ಹುರುಪಿನ ತಮಿಳು ಮನುಷ್ಯ. ಬಂದ ದಿನವೇ, ಎಲ್ಲ ಫೈಲುಗಳನ್ನೂ ಒಂದು ವಾರದಲ್ಲಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಬೇಕೆಂದು ಆಜ್ಞೆ ಹೊರಡಿಸಿದರು. "ಸರಿಂಗ ಸಾರ್" ಎಂದು ನಮ್ಮ ಹೆಡ್‌ಕ್ಲರ್ಕು ಬಲು ವಿನಯದಿಂದ ತಲೆಯಾಡಿಸಿದರು. ಆಮೇಲೆ ಒಂದು ಫೈಲು ತೆಗೆದರು. ಬಿಚ್ಚಿದರು. ಮೊದಲ ಪುಟದಿಂದ ಓದಿದರು. ಓದುತ್ತಾ ತಮ್ಮಷ್ಟಕ್ಕೆ ನಕ್ಕರು. ಯಾರೋ ನೇಕಾರನಿಗೂ ಅವನ ಭಾವಮೈದುನನಿಗೂ ಮೂವತ್ತು ವರ್ಷದ ಹಿಂದೆ ನಡೆದ ಜಗಳದ ಕಥೆ ನನಗೆ ಹೇಳಿದರು. ಸ್ಕ್ಯಾನ್ ಆದ ಮೇಲೆ ಕಟ್ಟಿ ಒಳಗಿಟ್ಟರು. ದಿನಕ್ಕೆ ಮೂರು ಫೈಲು! ಈ ಲೆಕ್ಕದಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಸ್ಕ್ಯಾನರಿಗೂ ವಯಸ್ಸಾಗುತ್ತದೆ ಎಂದು ಮ್ಯಾನೇಜರು ತಾವೇ ಅಂಗಡಿಗೆ ಹೋಗಿ ಕತ್ತರಿ ತಂದರು. ಮಾರನೆಯ ದಿನ ಅದು ಕಾಣೆ. ಇನ್ನೊಂದು ತಂದರು. ಅದೂ ಕಾಣೆ. ಆಯುಧಪೂಜೆಯ ದಿನ ಬೀರುವಿನ ಹಿಂದೆ ಗುಡಿಸಿದಾಗ ಐದು ಕತ್ತರಿಗಳು ಸಿಕ್ಕವು. ಐದನ್ನೂ ಸೇರಿಸಿ ನೂಲಿನಲ್ಲಿ ಕಟ್ಟಿತ್ತು. ಯಾವ ಗಂಟು ಎಂದು ಬೇರೆ ಹೇಳಬೇಕೇ? ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ ಹಾಗೆಯೇ ಒಳಗಿಟ್ಟೆವು.

ಇದೆಲ್ಲ ಸಹಿಸಿದೆ. ಏರ್ಕಾಡ್ ಬಸ್ಸಿನ ದಿನವನ್ನು ಮಾತ್ರ ಸಹಿಸಲಾಗಲಿಲ್ಲ.

ಅದಕ್ಕೆ ಮೊದಲು ನನ್ನ ನೌಕರಿಯ ಚಂದ ಹೇಳಬೇಕು. ನಾನು ಟೆಂಪರರಿ. ನನಗೆ ಮೂರು ತಿಂಗಳಿಗೊಂದು ಆರ್ಡರ್ ಕೊಡುತ್ತಾರೆ. ಒಂದು ಆರ್ಡರಿಗೂ ಇನ್ನೊಂದಕ್ಕೂ ನಡುವೆ ಎರಡು ದಿನ 'ಬ್ರೇಕ್'. ಅಂದರೆ ಆ ಎರಡು ದಿನ ನಾನು ನೌಕರಿಯಲ್ಲಿಲ್ಲ. ಮನೆಯಲ್ಲಿ ಹಾಯಾಗಿ ಇರಬಹುದು ಎಂದುಕೊಂಡಿರೋ? ಕೆಲಸಕ್ಕೆ ಬರಲೇಬೇಕು, ಹಾಜರಿ ಪುಸ್ತಕದಲ್ಲಿ ಸೈನ್ ಹಾಕಬಾರದು, ಅಷ್ಟೆ! ಹೀಗೆ ಆರು ವರ್ಷದಲ್ಲಿ ಇಪ್ಪತ್ತಮೂರು ಸಲ ನಾನು ಆಫೀಸಿನಲ್ಲಿ ಇದ್ದೂ ಇಲ್ಲದವಳಾಗಿದ್ದೇನೆ.

ಅಂಥದೇ ಒಂದು ಬ್ರೇಕಿನ ದಿನ ಚೆನ್ನೈಯಿಂದ ತನಿಖೆಗೆ ಆಫೀಸರೊಬ್ಬರು ಬಂದು ಕೂತರು. ಒಂದು ಹಳೆಯ ಫೈಲು ಕೇಳಿದರು. ಹೆಡ್‌ಕ್ಲರ್ಕು ಇರಲಿಲ್ಲ; ಬೀಗರ ಮನೆಯ ಗೃಹಪ್ರವೇಶಕ್ಕೆಂದು ಏರ್ಕಾಡಿಗೆ ಹೊರಟಿದ್ದರು. ಫೋನು ಮಾಡಿದೆ. ಬಸ್ಸು ಬೆಟ್ಟ ಹತ್ತುತ್ತಿತ್ತು.

"ಎಡ್ಗೈ ಎಬ್ಬೆಟ್ಟು ಗಂಟಿನ್ ಮ್ಯಾಲೆ ಇಕ್ಕಮ್ಮಣ್ಣಿ. ಇಕ್ಕಿದ್ಯಾ?"

"ಇಟ್ಟೆ ಸಾರ್."

"ಈಗ ಬಲ್ಗೈಲಿ ಮ್ಯಾಲಿನ್ ಎಳೇನ..."

ಬಸ್ಸು ತಿರುವಿಗೆ ಬಂತು, ಸಿಗ್ನಲ್ ಹೋಯಿತು. ಮೇಲಿನ ಎಳೆಯನ್ನು ಏನು ಮಾಡಬೇಕು? ಎಳೆಯಬೇಕೋ, ತಳ್ಳಬೇಕೋ, ಕರ್ಪೂರ ಹಚ್ಚಿ ಬೆಳಗಬೇಕೋ? ಮತ್ತೆ ಸಿಗ್ನಲ್ ಬಂದಾಗ ಅವರು, "ಅಷ್ಟೇಯ, ಬಿಚ್ಕೊಂತದೆ. ಸುಲ್ಬ ಅಲ್ವಾ?" ಎನ್ನುತ್ತಿದ್ದರು! ಮೊದಲಿನಿಂದ ಹೇಳಿ ಎಂದೆ. ಹೇಳತೊಡಗಿದರು, ಮುಂದಿನ ತಿರುವು ಬಂತು. ಏರ್ಕಾಡ್ ರಸ್ತೆಗೆ ತಿರುವುಗಳಿಗೇನು ಬರವೇ? "ಎನ್ನಯ್ಯಾ ಇದು, ಫೈಲಾ ಪೊಟ್ಟಲಮಾ?" ಇದು ಫೈಲೋ ಪೊಟ್ಟಣವೋ ಎಂದು ಆಫೀಸರು ತಮಿಳಿನಲ್ಲಿ ಕೂಗಾಡಿದರು. ಕೊನೆಗೆ ಅದನ್ನು ಕಿತ್ತುಕೊಂಡು ತಾವೇ ಹಲ್ಲು ಹಾಕಿದರು. ಒಂದೂಕಾಲು ಗಂಟೆಯ ಮೇಲೆ ಗಂಟು ಹೇಗೋ ನನ್ನ ಕೈಯಲ್ಲಿ ಬಿಚ್ಚಿಕೊಂಡಿತು. ಅಷ್ಟರಲ್ಲಿ ಎಲ್ಲರೆದುರು ನನಗೇ ಬೈಗುಳದ ಅಭಿಷೇಕವಾಗಿತ್ತು.

ಅಂದು ಸಂಜೆ ಅಳುತ್ತಾ ಕೂತು ಹೆಡ್‌ಕ್ಲರ್ಕರ ಮೇಲೆ ಒಂದು ದೂರು ಬರೆದೆ. ಈ ಮನುಷ್ಯನಿಂದ ಆಫೀಸಿನ ಕೆಲಸ ಕೆಟ್ಟಿದೆ, ತಕ್ಕ ಶಿಕ್ಷೆಯಾಗಬೇಕು ಎಂದು ಒಂದು ಪುಟ. ಸೈನ್ ಹಾಕಿ, ತಾರೀಕು ಹಾಕಿ ಮ್ಯಾನೇಜರ ಮೇಜಿನ ಮೇಲಿಟ್ಟು ಬಂದೆ. ಏನೂ ಆಗಲಿಲ್ಲ. ನಾನೂ ಮರೆತುಬಿಟ್ಟೆ.

ಆಮೇಲೆ ಮೇಲಿನ ಆಫೀಸಿನಿಂದ ಒಂದು ಸುತ್ತೋಲೆ ಬಂತು. ಐದು ವರ್ಷ ಎಡೆಬಿಡದೆ ಕೆಲಸ ಮಾಡಿದ ಟೆಂಪರರಿಗಳನ್ನು ಖಾಯಂ ಮಾಡುತ್ತಾರಂತೆ. ಎಡೆಬಿಡದೆ! ನನ್ನದು ಎಡೆಯೇ ಎಡೆ. ವಯಸ್ಸು ಮೀರಿ ಬೇರೆ ಪರೀಕ್ಷೆಗಳ ಬಾಗಿಲೂ ಮುಚ್ಚಿತ್ತು. ಇದೂ ತಪ್ಪಿದರೆ ನಾಳೆ ಬರಬೇಡ ಎಂದರೆ ಎದ್ದು ಹೋಗುವುದೇ. ಊರಿನಿಂದ ಅವ್ವ ವಾರಕ್ಕೊಮ್ಮೆ ಫೋನಿನಲ್ಲಿ, "ಆಡ್ರು ಬಂತೇನವ್ವಾ?" ಎಂದು ಕೇಳುತ್ತಿದ್ದಳು. ಹೆಡ್‌ಕ್ಲರ್ಕು ಖಾಯಮಾತಿಗೆ ಕಳಿಸಬೇಕಾದ ನನ್ನ ಫೈಲನ್ನು ತಮ್ಮ ಮೇಜಿನ ಒಳಗಿಟ್ಟುಕೊಂಡು, "ನನ್ತಾವ ಇರ್ಲಿ" ಎಂದರು. ಒಂದು ತಿಂಗಳು ಕಳೆಯಿತು. ಎರಡು, ಮೂರು, ನಾಲ್ಕು ಕಳೆಯಿತು. ಕೇಳಿದಾಗಲೆಲ್ಲ ಒಂದೇ ಉತ್ತರ:

"ಇನ್ನೊಂದ್ ಎಳೆ ಐತಮ್ಮಣ್ಣಿ."

ಏನು ಎಳೆಯೋ, ಏನು ಸುಡುಗಾಡೋ! ಆ ತಿಂಗಳ ಕೊನೆಗೆ ಅವರು ರಿಟೈರ್ ಆಗುವವರು. ಫೈಲು ಕಳಿಸಲು ಕೊನೆಯ ತಾರೀಕೂ ಅದೇ. ಇನ್ನು ನಾಲ್ಕೇ ದಿನ ಉಳಿದಾಗ ನನ್ನ ತಾಳ್ಮೆ ಹರಿಯಿತು. ಚಿಕ್ಕಮ್ಮ ರವಿಕೆ ಹೊಲಿಯುವವಳು. ಅವಳ ಕತ್ತರಿಯನ್ನು ಟಿಫನ್ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಬಂದೆ. ಅವರು ನಾಲ್ಕು ಗಂಟೆಯ ಟೀಗೆ ಹೋದ ಕೂಡಲೇ ಮೇಜಿನಿಂದ ನನ್ನ ಫೈಲು ತೆಗೆದು, ಕಣ್ಣು ಮುಚ್ಚಿ, ಕತ್ತರಿಸಿಯೇಬಿಟ್ಟೆ.

ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಫೈಲಿನ ಕಾಗದಗಳೆಲ್ಲ ಎದ್ದು ಆಫೀಸಿನ ತುಂಬ ಹಾರಾಡಿದವು.

ನಾನು ಮೇಜಿನ ಕೆಳಗೆ ತೂರಿಕೊಂಡು ಹೆಕ್ಕುತ್ತಿರುವಾಗ ಅವರ ಚಪ್ಪಲಿ ಬಾಗಿಲಲ್ಲಿ ನಿಂತದ್ದು ಕಾಣಿಸಿತು. ಅವರು ಮೊದಲು ಫ್ಯಾನು ಆರಿಸಿದರು. ನೆಲದ ಮೇಲೆ ಬಿದ್ದಿದ್ದ ಎರಡು ತುಂಡು ನೂಲನ್ನು ಎತ್ತಿಕೊಂಡರು.

"ಕತ್ರಿಸ್ದ್ಯಾ?"

"ಊಂ, ಕತ್ತರಿಸ್ದೆ! ಆರು ವರ್ಷ ಆಯ್ತು ಸಾರ್. ಇನ್ನೊಂದೆಳೆ, ಇನ್ನೊಂದೆಳೆ ಅಂತ ನನ್ ಬಾಳೇ ಅರಿದೋಯ್ತು" ಎಂದು ಕಿರುಚಿ ಅತ್ತೆ.

ಅವರು ಬೈಯಲಿಲ್ಲ. ಮಂಡಿ ಹಿಡಿದುಕೊಂಡು ನನ್ನೆದುರು ನೆಲದ ಮೇಲೆ ಕೂತರು. "ಸರಿ, ಅಳ್ಬ್ಯಾಡ. ತಾರೀಕ್ ಪ್ರಕಾರ ಜೋಡ್ಸು" ಎಂದರು.

ಜೋಡಿಸುತ್ತಾ ಹೋದ ಹಾಗೆ ನನ್ನ ಕೈ ನಿಧಾನವಾಯಿತು. ಪೂಜೆಗೆ ಕಡಲೆಪುರಿ ತರಿಸಲು ನಾನು ಬರೆದ ಚೀಟಿ. ನಾನು ಸೈನ್ ಮಾಡಿ ತೆಗೆದುಕೊಂಡ ಕೊರಿಯರಿನ ರಸೀದಿ. ನೂಲಿನ ಸ್ಟಾಕು ಬರೆದ ಹಾಳೆ. ಮಳೆಯ ರಜೆಗೆ ಟೈಪ್ ಮಾಡಿದ ನೋಟೀಸು, ಕೆಳಗೆ ನನ್ನ ಕೈಬರಹದ ತಾರೀಕು. ಎಲ್ಲವೂ ನನ್ನ ಬ್ರೇಕಿನ ದಿನಗಳವು! ನಾನು ನೌಕರಿಯಲ್ಲಿ ಇಲ್ಲವೆಂದು ಹಾಜರಿ ಪುಸ್ತಕ ಹೇಳುವ ಒಂದೊಂದು ಎಡೆಗೂ, ನಾನು ಅಲ್ಲಿ ಕೂತು ದುಡಿದೆನೆಂದು ಹೇಳುವ ಒಂದೊಂದು ಕಾಗದ. ಗೋಡೆಯುದ್ದದ ಆ ಬೀರುಗಳ ಫೈಲುಗಳನ್ನೆಲ್ಲ ಬಿಚ್ಚಿ, ಹುಡುಕಿ, ಮತ್ತೆ ಕಟ್ಟಿದ್ದರು. ಇಪ್ಪತ್ತೆರಡು ಕಾಗದ ಎಣಿಸಿದೆ. ಇಪ್ಪತ್ತಮೂರನೆಯದನ್ನು ಅವರೇ ನೆಲದಿಂದ ಹೆಕ್ಕಿ ಕೈಯಲ್ಲಿ ಹಿಡಿದಿದ್ದರು. ಅದು ಏರ್ಕಾಡ್ ಬಸ್ಸಿನ ದಿನ ಅವರ ಮೇಲೆ ನಾನು ಬರೆದುಕೊಟ್ಟ ದೂರು.

ಅದರ ಮೇಲೆ ಮ್ಯಾನೇಜರ ಕೈಬರಹದಲ್ಲಿ 'ತಕ್ಕ ಕ್ರಮಕ್ಕೆ' ಎಂದಿತ್ತು. ಅದರ ಪಕ್ಕದಲ್ಲಿ ಹೆಡ್‌ಕ್ಲರ್ಕರ ದುಂಡಗಿನ ಅಕ್ಷರದಲ್ಲಿ ಒಂದು ನಂಬರು.

"ಇದು ನಿಮ್ಗೆ ಸಿಕ್ತಾ ಸಾರ್?" ಎಂದೆ.

"ಇನ್ಯಾರ್ಗೆ ಸಿಕ್ತದೆ? ಆಪೀಸ್ಗೆ ಬರೋ ಕಾಗ್ದಕ್ಕೆಲ್ಲಾ ನಂಬರ್ ಆಕೋನು ನಾನಲ್ವಾ? ಆಕ್ದೆ."

"ಆದ್ರೂ ನನ್ನನ್ನ ಒಂದು ಮಾತೂ ಕೇಳ್ಲಿಲ್ಲ ನೀವು."

"ಏನ್ ಕೇಳಾದು? ನಿಜಾನೇ ಬರ್ದಿದ್ದೀಯ." ನೂಲಿನ ತುದಿ ಹೊಸೆಯುತ್ತಾ ಮುಂದುವರಿಸಿದರು. "ಆ ಎಲ್ಡ್ ದಿನಕ್ಕೆ ಬ್ಯಾರೆ ಕಾಗ್ದ ಸಿಕ್ತದೇನೋ ಅಂತ ನಾಕ್ ತಿಂಗ್ಳು ಉಡಿಕ್ದೆ ಅಮ್ಮಣ್ಣಿ. ಸಿಕ್ಲಿಲ್ಲ. ಇದನ್ನ ಮ್ಯಾಲಕ್ ಕಳಿಸಿದ್ರೆ ನನ್ನೇ ಕೇಳ್ತಾರೆ. ಮನೆಗ್ ಓಗೋ ಕಾಲದಾಗೆ ತಂಟೆ ಬ್ಯಾಡ ಅಂತ ನಂಗೂ ಇರಾಕಿಲ್ವಾ? ಅದ್ಕೇ ತಡ ಆತು."

"ತೆಗೆದ್ಬಿಡಿ ಸಾರ್. ಇಪ್ಪತ್ತೆರಡು ಸಾಕು."

"ಸಾಕಾಗಾಕಿಲ್ಲ. ಒಂದೆಳೆ ಅರಿದ್ರೆ ಸೀರೆ ಪೂರ್ತಿ ಕೆಟ್ಟಂಗೆ. ಅರಿದಿರೋ ಹಾಸು ಕಣ್ಮುಂದೆ ಇದ್ರೆ ನಂಗೆ ಅನ್ನ ಸೇರಾಕಿಲ್ಲ" ಎಂದು, ನಾನು ಕತ್ತರಿಸಿದ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟರು. "ಆಕು ಗಂಟು."

ಆರು ವರ್ಷ ಬಾರದ ಗಂಟು ಅಂದು ಬಂತು. ಕಣ್ಣು ಮಂಜಾಗಿ ನೂಲು ಕಾಣುತ್ತಿರಲಿಲ್ಲ, ಆದರೂ ಬಂತು. ಅವರು ಎರಡೂ ಕಡೆ ಹಿಡಿದು ಎಳೆದು ನೋಡಿ, "ಪರ್ವಾಗಿಲ್ಲ" ಎಂದರು. ಮ್ಯಾನೇಜರು ಫೈಲನ್ನು ಬಿಚ್ಚಲು ಒಂದು ನಿಮಿಷ ಹೆಣಗಿ, ಗಡಿಯಾರ ನೋಡಿ, ಓದದೆಯೇ ಹೊರಗಿದ್ದ ಕವರಿಂಗ್ ಲೆಟರಿಗೆ ಸೈನ್ ಹಾಕಿ ಕಳಿಸಿದರು. ನಮ್ಮ ಹೆಡ್‌ಕ್ಲರ್ಕರ ಗಂಟಿಗೆ ಅಂಥ ಉಪಯೋಗವೂ ಇತ್ತು!

ಅವರು ರಿಟೈರಾದ ಮೂರನೆಯ ತಿಂಗಳು ಮೇಲಿನಿಂದ ಎರಡು ಲಕೋಟೆ ಬಂದವು. ಒಂದರಲ್ಲಿ ನನ್ನ ಖಾಯಂ ಆರ್ಡರ್. ಇನ್ನೊಂದು ಅವರ ಹೆಸರಿಗೆ: ನಿಮ್ಮ ಮೇಲೆ ಬಂದಿರುವ ದೂರಿಗೆ ವಿವರಣೆ ಕೊಡಿ. ಅವ್ವನಿಗೆ ಫೋನು ಕೂಡ ಮಾಡದೆ ಎರಡನ್ನೂ ಹಿಡಿದುಕೊಂಡು ಅವರ ಮನೆಗೆ ಹೋದೆ. ತಮ್ಮನ ಮಗ್ಗದ ಪಕ್ಕದಲ್ಲಿ ಕೂತು ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದರು. ನನ್ನ ಆರ್ಡರನ್ನು ಎರಡು ಸಲ ಓದಿದರು. ತಮ್ಮದನ್ನು ಒಂದು ಸಲ ಓದಿ ನನ್ನ ಕೈಗೇ ವಾಪಸು ಕೊಟ್ಟರು.

"ಇದ್ಕೆ ಉತ್ರ ನೀನೇ ಟೈಪ್ ಮಾಡ್ಬುಡು. ದೂರಿನಾಗೆ ಇರೋದೆಲ್ಲಾ ನಿಜ ಅಂತ ಬರಿ. ಟೈಪಿನಾಗೆ ತಪ್ಪು ಬಂದ್ರೂ ಬರ್ಲಿ, ಈಗ ನಿನ್ನ ಯಾರೂ ಓಡ್ಸಾಕಾಗಲ್ಲ."

ನನ್ನ ದೂರಿಗೆ ನಾನೇ ಕೂತು ಉತ್ತರ ಟೈಪ್ ಮಾಡಿದೆ. ಅವರು ಹೇಳಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದೆ. ಆ ಇಪ್ಪತ್ತಮೂರು ಕಾಗದಗಳನ್ನು ಅವರು ಹೇಗೆ ಹುಡುಕಿದರೆಂದು ಎರಡು ಪುಟ ಬರೆದೆ. ಒಂದೊಂದರ ನಕಲನ್ನೂ ಜೊತೆಗಿಟ್ಟೆ. ಆಮೇಲೆ ಅವರ ಮನೆಯಿಂದ ತಂದ ತುಂಡು ನೂಲಿನಲ್ಲಿ ಅಡ್ಡಕ್ಕೆ ಉದ್ದಕ್ಕೆ ಸುತ್ತಿ, ಅವರ ಗಂಟನ್ನೇ ಹಾಕಿ, ಚೆನ್ನೈಗೆ ಕಳಿಸಿದೆ. ಅವರಿಗೆ ಶಿಕ್ಷೆ ಕೊಡಬೇಕೆನ್ನುವವರು ಮೊದಲು ಅದನ್ನು ಬಿಚ್ಚಲಿ!