ಬೇಗ ಬನ್ನಿ ಎನ್ನುವ ಫೋನು

‘ರಾಂಗ್ ನಂಬರ್’ ಎಂದು ಫೋನ್ ಇಡುವುದರಲ್ಲಿ ಒಂದು ಸುಖವಿದೆ. ಯಾರದೋ ತಾಪತ್ರಯ ನಮ್ಮ ಜಗಲಿ ಹತ್ತುವ ಮೊದಲೇ ಅದನ್ನು ಹೊರಗೆ ದಬ್ಬಿದ ಸುಖ. ಹೆಗ್ಗರಣೆಯ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ ನಾನದನ್ನು ಧಾರಾಳವಾಗಿ ಅನುಭವಿಸಿದೆ. ಹೊತ್ತು ಮುಳುಗುವಾಗ ಫೋನು ಬಡಿದುಕೊಳ್ಳುವುದು. ಎತ್ತಿದರೆ ಮೊದಲು ಬರೀ ಏದುಸಿರು. ಆಮೇಲೆ ಯಾವುದೋ ಮುದಿ ದನಿ, “ಬೇಗ ಬನ್ನಿ.” ಒಂದು ದಿನ ಗಂಡಸು, ಇನ್ನೊಂದು ದಿನ ಹೆಂಗಸು. ಎಲ್ಲಿಗೆ ಎಂದು ಕೇಳುವಷ್ಟು ಗಂಡೆದೆ ನನ್ನದಲ್ಲ. ಒಮ್ಮೆ ಹತ್ತಿರದ ಊರಿನ ಒಬ್ಬ ಅಜ್ಜಿ ತಾನಾಗಿಯೇ ಹೇಳಿದಳು: “ನಮ್ಮನೆಯವಕ್ಕೆ ಹಾವು ಕಚ್ಚಿದ್ದು, ತ್ಯಾಗಲಿಗೆ ಬತ್ರಾ?” ನನ್ನ ಬಾಯಿಗೆ ರಾಂಗ್ ನಂಬರೇ ಬಂತು. “ಹೌದಾ, ತಪ್ಪಾತು” ಎಂದು ಆಕೆಯೇ ಫೋನಿಟ್ಟಳು.

ನಮ್ಮ ಆಯಿ, ಅಂದರೆ ಅಮ್ಮ, ಫೋನಿಗೆ ದೇವರ ಕುಂಕುಮ ಹಚ್ಚಿದಳು. “ಸತ್ತವ್ವು ಕರೀತಾ ಇದ್ದ ತಮಾ, ಮಾತಾಡಡ” ಎಂದು ತಡೆದಳು. ನಾನು ನಕ್ಕೆ, ನಕ್ಕು, ಲೈಟು ಹಾಕಿದೆ.

ಈ ಹೆದರಿಕೆಯಲ್ಲೇ ನನಗೆ ಬುದ್ಧಿ ಬಂತು. ನಾನು ಆಫೀಸಿಗೆ ಹೋದಾಗ ಅಪ್ಪಯ್ಯನಿಗೆ ಏನಾದರೂ ಆದರೆ? ಒಂದು ಭಾನುವಾರ ಆಯಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಹತ್ತಿರದಲ್ಲಿ ತುರ್ತು ಸಹಾಯ ಹುಡುಕುವುದನ್ನು ಕಲಿಸಿದೆ. ಆಯಿ ಒಂದೇ ಬೆರಳಿನಲ್ಲಿ ಸಿದ್ದಾಪುರ ಎಂದು ಕುಟ್ಟುವಷ್ಟರಲ್ಲಿ ರೋಗಿ ಗುಣವಾಗಿ ಮನೆಗೆ ಬರಬಹುದಿತ್ತು. ಅಂತೂ ಒಂದು ನಂಬರ್ ಸಿಕ್ಕಿತು.

“ಮೊದಲೇ ಮಾತಾಡಿ ಪರಿಚಯ ಮಾಡ್ಕಂಬನ. ಗುರ್ತು ಇಲ್ಲದ್ದವ್ವು ಎಂತಕ್ಕೆ ಬತ್ತ?” ಎಂದಳು ಆಯಿ. ಸರಿ, ನಾನು ಅಂಕಿ ಓದಿದೆ, ಆಯಿ ಒತ್ತಿದಳು. ಎಂಗೇಜು. ಐದು ಸಲವೂ ಎಂಗೇಜು. ಆ ಕಡೆ ಯಾರೋ ರಿಸೀವರ್ ಹಿಡಿದು ಸುಮ್ಮನೆ ನಿಂತಿದ್ದಾರೆ ಎನಿಸಿ ಮೈ ಜುಮ್ಮೆಂದಿತು.

ಆರಾಮ ಕುರ್ಚಿಯಲ್ಲಿದ್ದ ಅಪ್ಪಯ್ಯ ಕಣ್ಣು ಬಿಡದೆಯೇ ಕೇಳಿದ, “ಅದು ನಮ್ಮನೆ ನಂಬರ್ ಅಲ್ದನಾ?”

ಹೌದು. ನಮ್ಮ ಮನೆಗೆ ನಾವೇ ಫೋನ್ ಮಾಡುವ ಅಭ್ಯಾಸ ಯಾರಿಗಿರುತ್ತದೆ? ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ, ಅಂಗಳದಲ್ಲಿ ಜೀಪಿದ್ದ ಜಂಬಕ್ಕೆ, ಯಾವುದೋ ವೆಬ್‌ಸೈಟಿನಲ್ಲಿ ‘ತುರ್ತಿಗೆ ವಾಹನ ಇದೆ’ ಎಂದು ಬರೆದು ನಂಬರ್ ಕೊಟ್ಟವನು ನಾನೇ. ಜೀಪು ಮಾರಿದೆ. ಬರೆದದ್ದು ಮರೆತೆ. ಕರೆದವರು ಸತ್ತವರಲ್ಲ, ಬದುಕಲು ಒದ್ದಾಡುತ್ತಿದ್ದವರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ, ಆಯಿ ರಿಸೀವರ್ ಇಟ್ಟ ಕೂಡಲೇ, ಅವಳ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು. ಅವಳು ಅದನ್ನು ನನ್ನ ಮಡಿಲಿಗೆ ಎಸೆದಳು. ಎತ್ತಿದೆ. ಏದುಸಿರು. ಅದೇ ತ್ಯಾಗಲಿಯ ಅಜ್ಜಿ!

“ನಮ್ಮನೆಯವು ಉಳಕಂಡ. ಪಕ್ಕದ ಮನೆಯವ್ವು ಆಸ್ಪತ್ರೆಗೆ ಕರ್ಕಂಡು ಹೋದ. ಅವತ್ತು ನಿಂಗಕ್ಕೆ ಸುಮ್ಮನೆ ತ್ರಾಸು ಕೊಟ್ಟಾತು, ಹೇಳನ ಅಂತ ಮಾಡಿದ್ದು. ಸಿದ್ದಾಪುರದ ಸೈಬರ್ ಕೆಫೆಲಿ ತೆಗೆಸಿದ ತುರ್ತು ನಂಬರಿನ ಚೀಟಿ ಗೋಡೆ ಮೇಲೆ ಇದ್ದು. ಈ ನಂಬರ್ ಹೊಡೆದು ಹಾಕ್ಲಾ?”

ಪಕ್ಕದಲ್ಲೇ ಕಿವಿಯಿಟ್ಟಿದ್ದ ಆಯಿ ರಿಸೀವರ್ ಕಿತ್ತುಕೊಂಡಳು.

“ಹೊಡೆಯಡಿ, ಇರ್ಲಿ. ಜೀಪಿದ್ದವ್ವು ಗೊತ್ತಿದ್ದ, ಕಳಿಸ್ತೆ. ಇನ್ನು ಫೋನು ಆನೇ ತೆಗೀತೆ.”

ಈಗ ಸಂಜೆ ಫೋನು ಹೊಡೆದುಕೊಂಡರೆ ನಾನೂ ಏಳುತ್ತೇನೆ. ಆಯಿ ನನ್ನನ್ನು ಕಣ್ಣಲ್ಲೇ ಕೂರಿಸಿ ತಾನೇ ಎತ್ತುತ್ತಾಳೆ.